ಕಡಲ ಪುಟಾಣಿಗಳು, ಭಾಗ 4: ಮರಿ ಸನ್ಯಾಸಿ ಏಡಿ ಏನು ತಿನ್ನುತ್ತೆ?

ಹೆಸರು ಸನ್ಯಾಸಿ ಏಡಿ. ಆದ್ರೆ ಊಟದ ವಿಷಯಕ್ಕೆ ಬಂದ್ರೆ ವೈರಾಗ್ಯ ಅನ್ನೋದೇ ಇಲ್ಲ!

ಮೊಟ್ಟೆಯಿಂದ ಹೊರಬಂದಾಗ ಇದು ಏಡಿ ಥರ ಕಾಣೋದೇ ಇಲ್ಲ. ಸಮುದ್ರದಲ್ಲಿ ತೇಲ್ತಾ, ಸೂಕ್ಷ್ಮವಾದ ಪ್ಲಾಂಕ್ಟನ್ ತಿಂದು ಬೆಳೆಯುತ್ತೆ. ಹಲವು ಸಲ ಪೊರೆ ಕಳಚಿ, ಒಂದು ಪುಟ್ಟ ಖಾಲಿ ಚಿಪ್ಪು ಹುಡುಕಿ ಒಳಗೆ ಸೇರ್ಕೊಳ್ಳುತ್ತೆ. ಅಲ್ಲಿಂದ ಮೆನು ಬದಲು: ಬಂಡೆ ಮೇಲಿನ ಪಾಚಿ, ಮರಳಲ್ಲಿ ಸೇರಿದ ಕೊಳೆತ ಕಣಗಳು, ಸತ್ತ ಮೀನಿನ ಚೂರು. ನೀರು ಇಳಿದಾಗ ನಮ್ಮ ಕರಾವಳಿಯ ಬಂಡೆ ಹೊಂಡಗಳಲ್ಲಿ ನೋಡಿ, ಇಕ್ಕಳದಂಥ ಕೈಯಿಂದ ಕೆರೆದು ಕೆರೆದು ಬಾಯಿಗೆ ಹಾಕ್ಕೊಳ್ತಾ ಇರುತ್ತೆ. ಅಂಡಮಾನ್, ಲಕ್ಷದ್ವೀಪದಲ್ಲಿ ನೆಲದ ಮೇಲೆ ಬದುಕೋ ಜಾತಿಗಳೂ ಇವೆ. ಉದುರಿದ ಎಲೆ, ಕೊಳೆತ ಹಣ್ಣು, ತೊಗಟೆ, ಯಾವುದನ್ನೂ ಅವು ಬಿಡಲ್ಲ. ಒಟ್ಟಿನಲ್ಲಿ ನಾವು ಕಸ ಅನ್ನೋದೇ ಅದಕ್ಕೆ ಊಟ.

ಈಗ ಹಾಸ್ಟೆಲ್ ರೂಮಿನ ಕಥೆ ಕೇಳಿ. ಫ್ರೆಂಡ್ ಒಬ್ಬ ಬೀಚ್‌ನಿಂದ ನಾಲ್ಕು ಮರಿಗಳನ್ನ ಬಾಟಲಿಯಲ್ಲಿ ತಂದ. ನಲ್ಲಿ ನೀರು, ಬಿಸ್ಕೆಟ್ ಪುಡಿ. ಪ್ರೀತಿಗೇನೂ ಕಮ್ಮಿ ಇರ್ಲಿಲ್ಲ. ಮೂರನೇ ದಿನಕ್ಕೆ ನಾಲ್ಕೂ ಹೋದ್ವು. ಊಟ ಇಲ್ಲದೆ ಅಲ್ಲ. ಸಮುದ್ರದ ಏಡಿ ಸಿಹಿನೀರಲ್ಲಿ ಬದುಕೋದೇ ಇಲ್ಲ.

ಈಗಾಗ್ಲೇ ನೆಲದ ಜಾತಿ ಸಾಕ್ತಿರೋರು ಇದ್ರೆ, ಇಷ್ಟು ನೆನಪಿಡಿ:

• ಅಂಗಡಿಯ ಪೆಲೆಟ್ ಒಂದೇ ಸಾಲದು. ಉಪ್ಪು, ಎಣ್ಣೆ ಹಾಕದ ಮೀನು, ಹಣ್ಣು, ಸೊಪ್ಪು, ಒಣ ಎಲೆ ಬದಲಾಯಿಸ್ತಾ ಕೊಡಿ. ಮರಿಗಳಿಗೆ ತೀರಾ ಸಣ್ಣ ಚೂರು.
• ಕ್ಯಾಲ್ಸಿಯಂಗೆ ಮೊಟ್ಟೆ ಸಿಪ್ಪೆ ಪುಡಿ.
• ಎರಡು ಬಟ್ಟಲು: ಕ್ಲೋರಿನ್ ಇಲ್ಲದ ಸಿಹಿನೀರು, ಅಕ್ವೇರಿಯಂ ಉಪ್ಪಿನ ಸಮುದ್ರದ ನೀರು. ಅಡುಗೆ ಉಪ್ಪು ಬೇಡ.
• ಪೊರೆ ಬಿಡೋಕೆ ಮರಳಲ್ಲಿ ವಾರಗಟ್ಟಲೆ ಹೂತು ಕೂರುತ್ತೆ. ಸತ್ತೋಯ್ತು ಅಂತ ಅಗೆಯಬೇಡಿ. ಕಳಚಿದ ಪೊರೆಯನ್ನೇ ತಿಂದು ಹೊಸದನ್ನ ಗಟ್ಟಿ ಮಾಡ್ಕೊಳ್ಳುತ್ತೆ. ನಮ್ಮ ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ, ಹಳೇ ಆಸ್ತಿಯನ್ನ ರೈಟ್ ಆಫ್ ಮಾಡಲ್ಲ, ಬಂಡವಾಳ ಮಾಡ್ಕೊಳ್ಳುತ್ತೆ!

ಇನ್ನೊಂದು ಮಾತು. ಸಾಕಿದ ಕಡೆ ಇವು ಮರಿ ಮಾಡೋದು ತುಂಬಾ ಅಪರೂಪ. ಅಂಗಡಿಯಲ್ಲಿ ಸಿಗೋದು ಹೆಚ್ಚುಕಮ್ಮಿ ಎಲ್ಲವೂ ಕಡಲತೀರದಿಂದ ಹಿಡಿದು ತಂದವೇ. ಒಂದು ಕೊಂಡ್ರೆ, ಇನ್ನೊಂದು ಹಿಡಿಯೋಕೆ ಆರ್ಡರ್ ಕೊಟ್ಟ ಹಾಗೆ.

ಮುಂದಿನ ವಾರ ನಮ್ಮ ಕ್ಲಾಸ್ ಮಲ್ಪೆಗೆ ಹೋಗ್ತಿದೆಯಲ್ವಾ? ಹೊಂಡದ ಪಕ್ಕ ಹತ್ತು ನಿಮಿಷ ಸುಮ್ನೆ ಕೂತು ನೋಡಿ, ಅದು ಊಟ ಮಾಡೋ ವಿಡಿಯೋ ತೆಗೀರಿ. ಖಾಲಿ ಚಿಪ್ಪನ್ನೂ ಅಲ್ಲೇ ಬಿಡಿ. ಯಾವುದೋ ಮರಿ ಅದೇ ಸೈಜಿನ ಮನೆ ಹುಡುಕ್ತಾ ಇರಬಹುದು.

#ಕಡಲಪುಟಾಣಿಗಳು #ಸನ್ಯಾಸಿಏಡಿ