ಕಹಿಯ ಪುಡಿ, ಸಿಹಿಯ ಮಾತು

ಗಾಂಧಿಬಜಾರು, ಚಾಮರಾಜಪೇಟೆಗಳ ಗ್ರಂಧಿಗೆ ಅಂಗಡಿಗಳಲ್ಲಿ ನೇರಳೆಬೀಜ, ಅಮೃತಬಳ್ಳಿ, ಮಧುನಾಶಿನಿಗಳ ಪುಡಿಯನ್ನು ಕೇಳಿ ಬರುವವರು ಬಹುಮಟ್ಟಿಗೆ ಸಕ್ಕರೆ ಕಾಯಿಲೆಯ ಹಿರಿಯರು. ಮಧುನಾಶಿನಿಯ ಮೇಲೆ ಅವರಿಗೆ ವಿಶೇಷ ಭರವಸೆ. ಅದರ ಎಲೆಯನ್ನು ಅಗಿದ ಬಳಿಕ ಬಾಯಿಗೆ ಹಾಕಿದ ಸಕ್ಕರೆ ಮರಳಿನಂತೆ ಸಪ್ಪೆಯಾಗುವುದು ನಿಜ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಗೆಗೆ ಸಿಹಿ ತಿಳಿಯದಂತೆ ಕೆಲಕಾಲ ತಡೆಯುತ್ತವೆ. ಆದರೆ ನಾಲಗೆಯಲ್ಲಿ ಅಳಿದ ಸಿಹಿ ರಕ್ತದಲ್ಲಿಯೂ ಅಳಿಯಿತೆಂದು ನಂಬುವುದು ವ್ಯಾಪಾರಿಗೆ ಲಾಭ, ರೋಗಿಗೆ ಅಪಾಯ.

ಮೂಲಿಕೆಗಳು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಮೆಂತ್ಯದಲ್ಲಿರುವ ಕರಗುವ ನಾರು, ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಗುಳಿಗೆಯ ಪೂರ್ವಚರಿತ್ರೆಯೂ ಯೂರೋಪಿನ ಗಲೇಗಾ ಎಂಬ ಗಿಡಕ್ಕೇ ಸಲ್ಲುತ್ತದೆ. 1922ರಲ್ಲಿ ಅದು ಪ್ರಯೋಗಾಲಯದಲ್ಲಿ ಸಿದ್ಧವಾಯಿತು, 1957ರಲ್ಲಿ ಫ್ರಾನ್ಸಿನಲ್ಲಿ ಚಿಕಿತ್ಸೆಗೆ ಬಂದಿತು. ವ್ಯತ್ಯಾಸವಿರುವುದು ಅಳತೆಯಲ್ಲಿ. ಗುಳಿಗೆಯಲ್ಲಿ 500 ಮಿಲಿಗ್ರಾಂ ಎಂದರೆ 500. ಚಮಚ ಪುಡಿಯಲ್ಲಿ ಸತ್ತ್ವವೆಷ್ಟು ಎಂಬುದು ಕುಟ್ಟಿದವನಿಗೂ ತಿಳಿಯದು. ಪುಡಿಗೆ ಜೇನು ಬೆರೆತಿದೆಯೇ ಎಂದು ಕೂಲಂಕಷವಾಗಿ ವಿಚಾರಿಸುವ ಶ್ರಾವಕರು, ಸೀಸ ಬೆರೆತಿದೆಯೇ ಎಂದು ಕೇಳುವುದು ವಿರಳ.

ರಾತ್ರಿಭೋಜನತ್ಯಾಗವುಳ್ಳ ಮನೆಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಸೂರ್ಯಾಸ್ತಕ್ಕೆ ಮುನ್ನ ಉಂಡವರ ಹೊಟ್ಟೆ ಬೆಳಗಿನವರೆಗೆ ಬರಿದು. ಗ್ಲಿಮೆಪಿರೈಡ್‌ನಂತಹ ಗುಳಿಗೆ ನುಂಗುತ್ತಿರುವವರು ಯಾರಿಗೂ ಹೇಳದೆ ಪುಡಿಯನ್ನೂ ಸೇವಿಸಿದರೆ ನಡುರಾತ್ರಿ ಸಕ್ಕರೆ ಕುಸಿದು ಬೆವರು, ನಡುಕ ಕಾಣಿಸಿಕೊಂಡೀತು; ಪ್ರಜ್ಞೆಯೂ ತಪ್ಪೀತು. ದಶಲಕ್ಷಣ ಪರ್ವದ ಉಪವಾಸದಲ್ಲಿ ಈ ಭಯ ಇನ್ನೂ ಹೆಚ್ಚು. ವ್ರತವನ್ನೂ ಪುಡಿಯನ್ನೂ ಮೊದಲೇ ತಿಳಿಸಿದರೆ ವೈದ್ಯರು ಗುಳಿಗೆಯ ವೇಳೆ, ಪ್ರಮಾಣಗಳನ್ನು ಬದಲಿಸಬಲ್ಲರು. ಮುಚ್ಚಿಟ್ಟರೆ ಅವರಾದರೂ ಏನು ಮಾಡಿಯಾರು? ಗುಳಿಗೆಯನ್ನೇ ತೊರೆದು ಪುಡಿಯನ್ನು ನಂಬಿದವರ ಪಾಡು ಬೇರೆ: ನೋವಿಲ್ಲ, ಜ್ವರವಿಲ್ಲ, ಕಣ್ಣು ಮತ್ತು ಮೂತ್ರಪಿಂಡಗಳು ಮಾತ್ರ ಸದ್ದಿಲ್ಲದೆ ಕೆಡುತ್ತವೆ.

“ಗುಳಿಗೆ ಬಿಡಿ ಸ್ವಾಮಿ, ಇದೊಂದೇ ಸಾಕು” ಎನ್ನುವ ವರ್ತಕನು ಜೈನನಾಗಿದ್ದರೆ ತತ್ತ್ವಾರ್ಥಸೂತ್ರವನ್ನು ನೆನೆಯಬೇಕು. ಸತ್ಯಾಣುವ್ರತದ ಅತಿಚಾರಗಳಲ್ಲಿ ಅಲ್ಲಿ ಮೊದಲು ಎಣಿಸಿರುವುದು ಮಿಥ್ಯೋಪದೇಶವನ್ನೇ. ಮಧುಮೇಹ ಗುಣವಾಗುವುದೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯಿದೆಯೂ ನಿಷೇಧಿಸಿದೆ. ಬಸದಿಯ ಆವರಣದ ಆರೋಗ್ಯ ಶಿಬಿರಗಳಲ್ಲಿ ಇಂತಹ ಪುಡಿಗಳಿಗೆ ಮೇಜು ಹಾಕಿಕೊಡುವ ಮುನ್ನ ಟ್ರಸ್ಟಿನವರು ಪೊಟ್ಟಣದ ಮೇಲಿನ ತಯಾರಿಕಾ ಪರವಾನಗಿ ಸಂಖ್ಯೆಯನ್ನಾದರೂ ಓದಿ ನೋಡುವುದು ಉಚಿತ.