ಕಿಕ್ ಹೊಡೆದವಳು ಮೊಮ್ಮಗಳು

ಜೇವರ್ಗಿಯಿಂದ ಕಟ್ಟಿ ಸಂಗಾವಿಯ ಭೀಮಾ ಸೇತುವೆ ದೂರವೇನಲ್ಲ. ನನಗೆ ಮಾತ್ರ ಅಲ್ಲಿಗೆ ಹೋಗಲು ಒಂದು ವರ್ಷ ಹಿಡಿಯಿತು. ಎಡಮೊಣಕಾಲಿನ ಕೀಲು ಬದಲಿಸಿದ ಮೇಲೆ ನನ್ನ ಹಳೇ ಯೆಜ್ಡಿ ಚಾದರ ಹೊದ್ದು ಪಡಸಾಲೆಯಲ್ಲೇ ನಿಂತಿತ್ತು.

ಮಕ್ಕಳೇ, ಯೆಜ್ಡಿ ನಮ್ಮ ಮೈಸೂರಿನ ಗಾಡಿ. ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇದರ ಕಿಕ್ ಇರುವುದು ಎಡಗಡೆ. ಗೇರೂ ಅದೇ, ಕಿಕ್ಕೂ ಅದೇ. ಬ್ಯಾಂಕಿನಲ್ಲಿ ಕ್ಯಾಶು, ಕ್ಲಿಯರಿಂಗು ಎರಡೂ ನೋಡುತ್ತಿದ್ದ ನನ್ನ ಹಾಗೆ! ಕೂತು ಹೊಡೆದರೆ ಹೊಸ ಮೊಣಕಾಲಿಗೆ ಏಟು. ಇಳಿದು ಬಲಗಾಲಲ್ಲಿ ಹೊಡೆದರೆ ಮೈಭಾರವೆಲ್ಲ ಅದರ ಮೇಲೆ. ಡಾಕ್ಟರು ಗಾಡಿ ಓಡಿಸಲು ಒಪ್ಪಿದರು, ಕಿಕ್ ಹೊಡೆಯಲು ಒಪ್ಪಲಿಲ್ಲ.

"ಮುತ್ಯಾ, ಸರಿ ಆಕಡಿ, ನಾ ಹೊಡಿತೀನಿ" ಎಂದಳು ಒಂಬತ್ತನೇ ಕ್ಲಾಸಿನ ಮೊಮ್ಮಗಳು. ಮೂರನೇ ಏಟಿಗೆ ಎರಡೂ ಸೈಲೆನ್ಸರ್ ಹೊಗೆಯುಗುಳಿದವು. "ಸಾವಕಾಶ ಹೋಗ್ರಿ" ಎಂದು ಬಾಗಿಲಲ್ಲಿ ನಿಂತ ನನ್ನಾಕೆ ಎರಡು ಸಲ ಹೇಳಿದಳು.

ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟೆವು. ಇಕ್ಕೆಲಗಳಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಲಾರಿಗಳೆಲ್ಲ ನಮ್ಮನ್ನು ಹಿಂದೆ ಹಾಕಿದವು, ಹಾಕಲಿ. ಮೊದಲ ಸಲ ಗೇರ್ ಬದಲಿಸುವಾಗ ಎದೆ ಡವಗುಟ್ಟಿತು, ಮೊಣಕಾಲು ಸುಮ್ಮನಿತ್ತು.

ಸೇತುವೆ ಬಳಿ ಹೊಳೆ ನೋಡಲು ನಿಂತಾಗ, ಹಳೇ ರೂಢಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟೆ. ಮೊಮ್ಮಗಳು ನಕ್ಕಳು. ನೀರಿನ ಬಾಟಲಿ ನನ್ನ ಕೈಗಿಟ್ಟು, ತೋಳು ಮಡಚತೊಡಗಿದಳು.