ದೊಡ್ಡಮ್ಮನ ಮಾತ್ರೆ ಡಬ್ಬಿ, ದೊಡ್ಡಪ್ಪನ ಪಾಲಿಸಿ

"ಇನ್ಸೂರೆನ್ಸ್ ಮಾಡಿಸ್ಬಿಟ್ರೆ ತಿಂಗಳು ತಿಂಗಳು ಬೀಪಿ, ಶುಗರ್ ಮಾತ್ರೆ ಅದರಲ್ಲೇ ಬರ್ತಾವೇನಮ್ಮ?" ದೀಪಾವಳಿ ಆದ ಮೇಲೆ ಇದೇ ಮಾತನ್ನ ನನ್ನ ಹತ್ರ ಕೇಳಿದವರು ಆರು ಜನ. ಹಾಲಿನ ಡೈರಿ ಮುಂದೆ ಇಬ್ಬರು, ಶಿಡ್ಲಘಟ್ಟದ ಬಸ್ಸಲ್ಲಿ ಒಬ್ಬರು, ಮಿಕ್ಕವರು ನಮ್ಮನೆ ಜಗಲಿ ಮೇಲೆ. ನಿಂತ ಕಾಲಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು, ಅದಕ್ಕೇ ಬರೆದಿಡ್ತಾ ಇದೀನಿ. ಮನೇಲಿ ವಯಸ್ಸಾದವರಿದ್ರೆ ಪಕ್ಕ ಕೂತು ಓದಿ ಹೇಳಿ.

ಶುರುವಾಗಿದ್ದು ನಮ್ಮ ದೊಡ್ಡಮ್ಮನ ಮನೆಯಿಂದ. ದೊಡ್ಡಮ್ಮನಿಗೆ ಎಪ್ಪತ್ತೊಂದು, ದೊಡ್ಡಪ್ಪನಿಗೆ ಎಪ್ಪತ್ನಾಲ್ಕು. ಒಂದೆಕರೆ ಹಿಪ್ಪುನೇರಳೆ, ಎರಡು ಹಸು. ಮಗ ಬೆಂಗಳೂರಲ್ಲಿ ಬಾಡಿಗೆ ಮನೇಲಿದಾನೆ, ಅವನ ಸಂಸಾರವೇ ಅವನಿಗೆ ಸಾಕಾಗಿದೆ. ದೊಡ್ಡಪ್ಪನ ಸ್ನೇಹಿತರೊಬ್ಬರಿಗೆ ಎದೆನೋವು ಬಂದು, ಸ್ಟೆಂಟ್ ಹಾಕಿಸ್ಕೊಂಡು, ಅದಕ್ಕೆ ಜಮೀನು ಅಡ ಇಟ್ರು. ಅವತ್ತಿಂದ ದೊಡ್ಡಪ್ಪನಿಗೆ ನಿದ್ದೆ ಇಲ್ಲ. ಯಾರದೋ ಮಾತು ಕೇಳಿ ಒಬ್ಬ ಏಜೆಂಟ್‌ನ ಮನೆಗೇ ಕರೆಸಿದ್ರು. ಗಂಡ ಹೆಂಡತಿಗೆ ಸೇರಿ ಐದು ಲಕ್ಷದ ಪಾಲಿಸಿ, ವರ್ಷಕ್ಕೆ 46,000 ರೂಪಾಯಿ. ಗೂಡು ಮಾರಿದ ದುಡ್ಡು ಬೀರುವಲ್ಲಿತ್ತು. ಫಾರಂ ಇಂಗ್ಲಿಷಲ್ಲಿದೆ ಅಂತ ತುಂಬಿಕೊಡೋಕೆ ನನ್ನನ್ನ ಕರೆದ್ರು.

ಫಾರಂನಲ್ಲಿ ಈಗ ಯಾವ ಯಾವ ಔಷಧಿ ತಗೊಳ್ತಾ ಇದೀರಿ ಅಂತ ಒಂದು ಕಡೆ ಬರೀಬೇಕು. ನಾನು ಅಡುಗೆಮನೆಗೆ ಹೋಗಿ "ದೊಡ್ಡಮ್ಮ, ಮಾತ್ರೆ ಡಬ್ಬಿ ಕೊಡು" ಅಂದೆ. ಕೊಡೋಕೆ ಹಿಂದೆ ಮುಂದೆ ನೋಡಿದಳು. ಹಳೇ ಬಿಸ್ಕತ್ ಡಬ್ಬಿ. ತೆಗೆದು ನೋಡಿದ್ರೆ ಅವಳ ಮಾತ್ರೆ ಎಲ್ಲಾ ಅರ್ಧರ್ಧ. ಅಡಕತ್ತರೀಲಿ ಕತ್ತರಿಸಿ ಪೇಪರಲ್ಲಿ ಸುತ್ತಿಟ್ಟಿದಾಳೆ.

"ಇದೇನ್ ದೊಡ್ಡಮ್ಮ?"

"ಮೆಲ್ಲಕ್ಕೆ ಮಾತಾಡು. ಒಂದ್ ತಿಂಗಳ್ದು ಎಲ್ಡು ತಿಂಗಳು ಬತ್ತದೆ ಕಣಮ್ಮ. ನಿಮ್ ದೊಡ್ಡಪ್ಪಂಗೆ ಪೂರ್ತಿನೇ ಕೊಡ್ತೀನಿ, ಗಂಡಸು, ಓಡಾಡೋ ಜೀವ. ನಂಗೇನ್ ಆಗೈತೆ? ರಾತ್ರಿ ಹೊತ್ತು ಅಂಗಾಲು ಉರೀತದೆ, ಅಷ್ಟೆ. ಅವರ್ಗೆ ಹೇಳ್ಬ್ಯಾಡ."

ಅಂಗಾಲು ಉರಿ ಅಷ್ಟೆ ಅಂತೆ! ಸಕ್ಕರೆ ಕಾಯಿಲೆಯವರಿಗೆ ಅದೇ ಅಲ್ವ ನರಕ್ಕೆ ಪೆಟ್ಟು ಬೀಳ್ತಾ ಇದೆ ಅನ್ನೋ ಗುರುತು. ಅದೂ ಅಲ್ದೆ ಅವಳು ಕತ್ತರಿಸ್ತಾ ಇದ್ದಿದ್ದು ಎಸ್‌ಆರ್ ಅಂತ ಬರೆದಿರೋ ಮೆಟ್‌ಫಾರ್ಮಿನ್. ಅದು ಹೊಟ್ಟೇಲಿ ಮೆಲ್ಲಮೆಲ್ಲಗೆ ಕರಗೋ ಹಾಗೆ ಮಾಡಿರೋ ಮಾತ್ರೆ. ಕತ್ತರಿಸಿದ್ರೆ, ಅರೆದ್ರೆ ಆ ಏರ್ಪಾಟು ಕೆಡುತ್ತೆ, ಔಷಧಿ ಒಂದೇ ಸಲ ಬಿಟ್ಕೊಳ್ಳುತ್ತೆ. ಹೆಸರಿನ ಪಕ್ಕ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತ ಇರೋದನ್ನ ಡಾಕ್ಟರ್ ಕೇಳದೆ ಯಾರೂ ಮುರೀಬೇಡಿ.

ಇಬ್ಬರದೂ ಸೇರಿ ಮೆಡಿಕಲ್ ಸ್ಟೋರ್ ಬಿಲ್ಲು ತಿಂಗಳಿಗೆ 2,900 ಚಿಲ್ಲರೆ. ದೊಡ್ಡಪ್ಪನ ಲೆಕ್ಕ ಏನಂದ್ರೆ, 46,000 ಕಟ್ಟಿದ್ರೆ ಈ ಬಿಲ್ಲೂ ಕಂಪನಿ ಕೊಡುತ್ತೆ ಅಂತ. ಹೊರಗೆ ಬಂದು ಏಜೆಂಟ್‌ನ ಕೇಳಿದೆ. "ಮೆಡಿಸಿನ್ ಎಲ್ಲಾ ಕವರ್ ಆಗುತ್ತೆ ಮೇಡಂ" ಅಂದ. ಯಾವಾಗಿಂದ, ಯಾವ ಮಾತ್ರೆ, ಬರೆದುಕೊಡ್ತೀರ ಅಂದ್ರೆ ಕಾಫಿ ಲೋಟ ಕೆಳಗಿಟ್ಟು ಬ್ರೋಷರ್ ಕೊಟ್ಟು ಹೋದ. ಹುಳ ನಾಕನೇ ಜ್ವರಕ್ಕೆ ಕೂತಿದಾವೆ, ಎದ್ದ ಮೇಲೆ ಹೇಳ್ತೀವಿ ಅಂತ ದೊಡ್ಡಮ್ಮನೂ ಸಾಗಹಾಕಿದಳು.

ರಾತ್ರಿ ಕೂತು ಆ ಬ್ರೋಷರ್ ಓದಿದೆ. ಮೆಡಿಸಿನ್ ಕವರ್ ಆಗೋದು ನಿಜ, ಆದರೆ ಆಸ್ಪತ್ರೇಲಿ ಅಡ್ಮಿಟ್ ಆದಾಗ, ಅದಕ್ಕೆ ಮುಂಚೆ 30 ದಿನ, ಆಮೇಲೆ 60 ದಿನ, ಅದೂ ಆ ಕಾಯಿಲೆಗೆ ಸಂಬಂಧಪಟ್ಟಿದ್ದು ಮಾತ್ರ. ಮನೇಲಿ ಕೂತು ನುಂಗೋ ಬೀಪಿ ಮಾತ್ರೆಗೆ ಒಂದು ಪೈಸೆ ಇಲ್ಲ. ಮೊದಲೇ ಇರೋ ಸಕ್ಕರೆ ಕಾಯಿಲೆಯಿಂದ ಏನಾದ್ರೂ ಆದ್ರೆ ಮೂರು ವರ್ಷ ಕಾಯಬೇಕು. (ಮೂರು ವರ್ಷಕ್ಕಿಂತ ಜಾಸ್ತಿ ಕಾಯಿಸೋ ಹಾಗಿಲ್ಲ ಅಂತ ಐಆರ್‌ಡಿಎಐ 2024ರಲ್ಲಿ ನಿಯಮ ಮಾಡಿದೆ, ಮುಂಚೆ ನಾಲ್ಕು ವರ್ಷ ಇತ್ತು.) ಕ್ಲೇಮ್ ಬಂದಾಗ ನೂರಕ್ಕೆ ಮೂವತ್ತು ನಮ್ಮ ಕೈಯಿಂದಲೇ ಹಾಕಬೇಕು. ಎಪ್ಪತ್ನಾಲ್ಕು ವರ್ಷದವರಿಗೆ ಮೂರು ವರ್ಷ ಕಾಯಿ ಅನ್ನೋದು ಸಣ್ಣ ಮಾತಾ?

ನಮ್ಮ ಓರಗಿತ್ತಿಯ ಅಕ್ಕ ಅಮೆರಿಕಾದಲ್ಲಿದಾರೆ. ಅವರ ಅತ್ತೇಗೆ ಅಲ್ಲಿ ಮಾತ್ರೆಗೇ ಬೇರೆ ಇನ್ಸೂರೆನ್ಸ್ ಇದೆಯಂತೆ. ಮೆಡಿಕೇರ್ ಪಾರ್ಟ್ ಡಿ ಅಂತಾರೆ, 2006ರಿಂದ ಇದೆ. ವರ್ಷ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಒಳಗೆ ಪ್ಲಾನ್ ಬದಲಾಯಿಸ್ಕೋಬಹುದು. ಒಂದೊಂದು ಪ್ಲಾನ್‌ಗೂ ಒಂದೊಂದು ಔಷಧಿ ಪಟ್ಟಿ. ನಿಮ್ಮ ಮಾತ್ರೆ ಆ ಪಟ್ಟೀಲಿ ಇದೆಯಾ, ನೀವು ಹೋಗೋ ಅಂಗಡಿ ಅದರಲ್ಲಿ ಸೇರಿದೆಯಾ ಅಂತ ನೋಡ್ಕೊಂಡೇ ಆರಿಸಬೇಕು. 2025ರಲ್ಲಿ ಒಂದು ಮಿತೀನೂ ಹಾಕಿದ್ರು: ಪಟ್ಟೀಲಿರೋ ಮಾತ್ರೆಗೆ ಕೈಯಿಂದ 2,000 ಡಾಲರ್ ಖರ್ಚಾದ ಮೇಲೆ ಆ ವರ್ಷ ಮತ್ತೆ ಕೊಡಬೇಕಾಗಿರ್ಲಿಲ್ಲ. ಅವರು ಫೋನಲ್ಲಿ ಹೇಳಿದ ಒಂದು ಮಾತು ನನಗೆ ಹಿಡಿಸ್ತು: "ಮೊದಲು ಕಂಪನಿ ನೋಡ್ಬೇಡ, ಮಾತ್ರೆ ಪಟ್ಟಿ ಬರ್ಕೊ."

ಸರಿ, ಬರ್ಕೊಂಡೆ. ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿರೋದು ಕಂಪನಿ ಇಟ್ಟ ಹೆಸರು. ಅದರ ಹತ್ರ ಸಣ್ಣಕ್ಷರದಲ್ಲಿ ಇರುತ್ತೆ ನೋಡಿ, ಟೆಲ್ಮಿಸಾರ್ಟನ್ 40 ಎಂಜಿ, ಗ್ಲಿಮೆಪಿರೈಡ್ 1 ಎಂಜಿ ಅಂತ, ಅದು ಅಸಲಿ ಔಷಧಿ. ಕನ್ನಡಕ ಹಾಕ್ಕೊಂಡ್ರೂ ನನಗೆ ಕಾಣಿಸ್ಲಿಲ್ಲ, ಮಗಳು ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. ಆ ಪಟ್ಟಿ ಹಿಡ್ಕೊಂಡು ದೊಡ್ಡಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅರ್ಧ ಮಾತ್ರೆ ವಿಷಯ ಅವಳೇ ಹೇಳಲಿ ಅಂತ ಸುಮ್ಮನೆ ಕೂತಿದ್ದೆ. ಹೇಳಿದಳು, ಸೀರೆ ಸೆರಗು ಸುತ್ತುತ್ತಾ. ಖಾಲಿ ಹೊಟ್ಟೇಲಿ ಶುಗರ್ 264. ಡಾಕ್ಟರಮ್ಮ ಬೈಲಿಲ್ಲ. ಒಂದು ಮಾತ್ರೆ ತೆಗೆದುಹಾಕಿದ್ರು, ಮಿಕ್ಕಿದ್ದಕ್ಕೆ ಔಷಧಿ ಹೆಸರನ್ನೇ ಬರೆದು, "ಜನೌಷಧೀಲಿ ತಗೊಳ್ಳಿ, ತಿಂಗಳಾದ ಮೇಲೆ ರಕ್ತ ಟೆಸ್ಟ್ ಮಾಡಿಸಿ ತೋರಿಸಿ" ಅಂದ್ರು.

ಜನೌಷಧಿ ಶುರುವಾಗಿದ್ದು 2008ರಲ್ಲಿ. ಕಂಪನಿ ಹೆಸರಿನ ಮಾತ್ರೆಗಿಂತ ಅರ್ಧ ರೇಟು, ಕೆಲವು ಅದಕ್ಕೂ ಕಡಿಮೆ. ಶಿಡ್ಲಘಟ್ಟದಲ್ಲಿ ಇಬ್ಬರದೂ ತಗೊಂಡ್ವಿ, 640 ರೂಪಾಯಿ ಆಯ್ತು. ಒಂದು ಮಾತ್ರೆ ಅವತ್ತು ಅಲ್ಲಿ ಇರ್ಲಿಲ್ಲ, ಹೊರಗೆ ಕೊಂಡ್ವಿ. ಹಾಗಾಗುತ್ತೆ, ಪೂರ್ತಿ ಮುಗಿಯೋವರೆಗೂ ಕಾಯದೆ ವಾರ ಮುಂಚೆ ಹೋಗಿ. ದೊಡ್ಡಪ್ಪನಿಗೆ ಅನುಮಾನ: "ಇಷ್ಟು ಅಗ್ಗಕ್ಕೆ ಕೊಟ್ರೆ ಕೆಲಸ ಮಾಡ್ತದಾ?" ಕೆಲಸ ಮಾಡ್ತಾ ಇದೆಯಾ ಅಂತ ಹೇಳೋದು ರೇಟಲ್ಲ, ರಕ್ತದ ರಿಪೋರ್ಟು ಅಂದೆ. ಬೀಪಿ, ಶುಗರ್‌ದು ಸಾಮಾನ್ಯ ಮಾತ್ರೆಗಳನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಕೊಡ್ತಾರೆ, ಆಶಾ ಕಾರ್ಯಕರ್ತೆಯರನ್ನ ಕೇಳಿದ್ರೆ ಯಾವ ದಿನ ಅಂತ ಹೇಳ್ತಾರೆ. ದೊಡ್ಡಮ್ಮ ಮಾತ್ರ ಅಲ್ಲಿಗೆ ಬರಲ್ಲ ಅಂತ ಹಟ. "ಸಾಲಲ್ಲಿ ನಿಂತ್ರೆ ಊರವರು ಮಗ ನೋಡ್ಕೊಳ್ಳಲ್ಲ ಅಂತಾರೆ." ಈ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಆಸ್ಪತ್ರೆ ಭಯ. ದೊಡ್ಡಪ್ಪನ ಭಯ ಸುಳ್ಳಲ್ಲ, ಅದನ್ನ ಮಾತ್ರೆ ಡಬ್ಬಿ ಜೊತೆ ಕಲಸಬಾರದು ಅಷ್ಟೆ. ಅವರದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ ಐದು ಲಕ್ಷದ ತನಕ ಈಗಾಗಲೇ ಇದೆ. ಏಜೆಂಟ್ ಅದನ್ನ ಕೇಳಲೇ ಇಲ್ಲ, ಅವನ್ಯಾಕೆ ಕೇಳ್ತಾನೆ! ಸರ್ಕಾರಿ ಆಸ್ಪತ್ರೆಯಿಂದ ಬರೆಸ್ಕೊಂಡು ಹೋಗಬೇಕು, ಜೀವಕ್ಕೆ ತುರ್ತು ಅಂದ್ರೆ ನೇರ ಹೋಗಬಹುದು. ಡೈರಿ ಸಂಘದ ಸದಸ್ಯರಾದ್ರಿಂದ ಯಶಸ್ವಿನೀನೂ ಮಾಡಿಸಬಹುದು. 2003ರಲ್ಲಿ ಬಂದು, ನಡುವೆ ನಿಂತು, 2022-23ರಲ್ಲಿ ಮತ್ತೆ ಶುರುವಾಯ್ತಲ್ಲ, ಅದೇ. ಹಳ್ಳಿಯವರಿಗೆ ನಾಲ್ಕು ಜನದ ಮನೆಗೆ 500 ರೂಪಾಯಿ. ನೋಂದಣಿ ತಾರೀಕು ದಾಟಿದ್ರೆ ಮುಗೀತು, ಕಾರ್ಯದರ್ಶಿಯನ್ನ ಈಗಲೇ ಕೇಳಿಟ್ಕೊಳ್ಳಿ. ಎಪ್ಪತ್ತು ದಾಟಿದವರಿಗೆ ಅಂತ 2024ರ ಅಕ್ಟೋಬರ್ 29ಕ್ಕೆ ಘೋಷಣೆ ಮಾಡಿದ ವಯ ವಂದನಾ ಕಾರ್ಡೂ ಆಸ್ಪತ್ರೆ ದಾಖಲಾತಿಗೇ, ತಿಂಗಳ ಮಾತ್ರೆಗಲ್ಲ.

ಬಿಪಿಎಲ್ ಇಲ್ಲದವರು, ಕಟ್ಟೋ ಶಕ್ತಿ ಇರೋರು ಖಾಸಗಿ ಪಾಲಿಸಿ ಮಾಡಿಸ್ಕೊಳ್ಳಿ, ನಾನು ಬೇಡ ಅನ್ನಲ್ಲ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ತೆಗೆದಿದಾರೆ. ಕಾಯಿಲೆ ಮಾತ್ರ ಒಂದನ್ನೂ ಮುಚ್ಚಿಡಬೇಡಿ. ಪಾಲಿಸಿ ಬುಕ್ಕು ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಅಂದ್ರೆ ವಾಪಸ್ ಕೊಡಬಹುದು, ಸ್ವಲ್ಪ ಹಿಡ್ಕೊಂಡು ಮಿಕ್ಕ ದುಡ್ಡು ಕೊಡ್ತಾರೆ. ಆ ಬುಕ್ಕನ್ನ ಪೂಜೆ ಕೋಣೇಲಿ ಇಟ್ಬಿಡಬೇಡಿ, ಓದಿ.

ದೊಡ್ಡಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ದುಡ್ಡು ಬೀರುವಲ್ಲೇ ಇದೆ, ಏಜೆಂಟ್ ಎರಡು ಸಲ ಫೋನ್ ಮಾಡಿದಾನೆ. ಅರ್ಧ ಮಾತ್ರೆ ಸಂಗತಿ ಅವರಿಗೆ ಹೇಗೋ ತಿಳೀತು, ನಾನಂತೂ ಹೇಳಿಲ್ಲ. ಈಗ ಊಟ ಆದ ತಕ್ಷಣ ಅವರೇ ಡಬ್ಬಿ ತಂದು ದೊಡ್ಡಮ್ಮನ ಅಂಗೈಗೆ ಮಾತ್ರೆ ಹಾಕಿ, ನುಂಗೋ ತನಕ ಎದುರಿಗೇ ನಿಂತಿರ್ತಾರೆ. ಅವಳಿಗೆ ನಾಚಿಕೆ. ಹೋದ ವಾರ ಶುಗರ್ 158. ಅಂಗಾಲು ಉರಿ ಇನ್ನೂ ಇದೆ, ಅದಕ್ಕೇ ಗುರುವಾರ ಮತ್ತೆ ಕರ್ಕೊಂಡು ಹೋಗ್ತಾ ಇದೀನಿ. ಬರೋರು ಇದ್ರೆ ಒಂಬತ್ತು ಗಂಟೆಗೆ ಕ್ರಾಸ್ ಹತ್ರ ಬನ್ನಿ, ಹಳೇ ಸ್ಟ್ರಿಪ್‌ಗಳನ್ನ ಬಿಸಾಕದೆ ತನ್ನಿ.